ಎಪ್ಪತ್ತು ವರ್ಷದ ‘ಗನ್‌ಸ್ಮೋಕ್’ ಮತ್ತೆ ಪಟ್ಟಿಗೆ: ನಿಮಿಷಗಳ ಲೆಕ್ಕ ಮತ್ತು ಒಂದು ಕಂತಿನ ಮೇಲಿನ ಪ್ರೀತಿ

ಅಮೆರಿಕದಲ್ಲಿ ಟಿವಿ ವೀಕ್ಷಣೆಯನ್ನು ಅಳೆಯುವ ನೀಲ್ಸನ್ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಸ್ಟ್ರೀಮಿಂಗ್ ಪಟ್ಟಿಗಳಲ್ಲಿ, ಕೋಟ್ಯಂತರ ಡಾಲರ್ ಸುರಿದು ತಯಾರಿಸಿದ ಹೊಸ ಧಾರಾವಾಹಿಗಳ ಕಾಲದಲ್ಲಿ, ‘ಗನ್‌ಸ್ಮೋಕ್’ ಎಂಬ ಹಳೆಯ ಹೆಸರು ಕಾಣಿಸಿಕೊಂಡಿತು. 1955ರ ಸೆಪ್ಟೆಂಬರ್ 10ರಂದು ಸಿಬಿಎಸ್ ವಾಹಿನಿಯಲ್ಲಿ ಆರಂಭವಾಗಿ 1975ರ ಮಾರ್ಚ್ 31ರಂದು ಮುಗಿದ ವೆಸ್ಟರ್ನ್ (ಕೌಬಾಯ್ ಕಾಲದ ಪಶ್ಚಿಮ ಅಮೆರಿಕದ ಕಥೆಗಳ) ಧಾರಾವಾಹಿ ಇದು. ಮೊದಲ ಹನ್ನೊಂದು ಸೀಸನ್‌ಗಳು ಕಪ್ಪು-ಬಿಳುಪಿನವು. ಇಪ್ಪತ್ತು ವರ್ಷ ಮಾರ್ಷಲ್ (ಕಾನೂನು ಕಾಯುವ ಅಧಿಕಾರಿ) ಮ್ಯಾಟ್ ಡಿಲನ್ ಪಾತ್ರ ಮಾಡಿದ ಜೇಮ್ಸ್ ಆರ್ನೆಸ್ 2011ರಲ್ಲೇ ತೀರಿಕೊಂಡಿದ್ದಾರೆ. ಹೀಗಿರುವಾಗ ಈ ಸರಣಿ ಜನಪ್ರಿಯತೆಯ ಪಟ್ಟಿಗೆ ಬಂದದ್ದು ಹೇಗೆ ಎಂಬ ಗೊಂದಲ ಸಹಜ.

ಈ ಸುದ್ದಿಗೆ ಎರಡು ಬಗೆಯ ಪ್ರತಿಕ್ರಿಯೆ ಬಂದಿದೆ. ಹಳೆಯದರ ಪುನರುಜ್ಜೀವನವಾಯಿತೆಂದು ಕೆಲವರು ಸಂಭ್ರಮಿಸಿದರೆ, ಇದು ಅಂಕಿಗಳು ಹುಟ್ಟಿಸಿದ ಭ್ರಮೆಯಷ್ಟೇ ಎಂದು ಇನ್ನು ಕೆಲವರು ತಳ್ಳಿಹಾಕಿದರು. ಇಬ್ಬರ ಮಾತಿನಲ್ಲೂ ಒಂದು ಸಂಗತಿ ಬಿಟ್ಟುಹೋಗಿದೆ. ಈ ಸರಣಿಯ ಅಭಿಮಾನಿಗಳು ಸೇರಿದಲ್ಲೆಲ್ಲ ನಡೆಯುವ ಚರ್ಚೆ ಒಟ್ಟು ಸರಣಿಯ ಕುರಿತಾಗಿರುವುದಕ್ಕಿಂತ ಯಾವುದೋ ಒಂದು ಕಂತಿನ ಕುರಿತಾಗಿರುತ್ತದೆ. ಯಾವ ಕಂತು ಅತ್ಯುತ್ತಮ, ಯಾವುದನ್ನು ಎಷ್ಟು ಸಲ ನೋಡಿದರೂ ಬೇಸರವಾಗುವುದಿಲ್ಲ ಎಂಬ ವಾದ ದಶಕಗಳಿಂದ ನಡೆದೇ ಇದೆ. ಒಂದು ಕಂತನ್ನು ಹೀಗೆ ಬಿಡಿಯಾಗಿ ಪ್ರೀತಿಸಲು ಅವಕಾಶ ಕೊಡುವ ಕಥನರಚನೆಯೇ ಈ ಸರಣಿಯ ದೀರ್ಘಾಯುಷ್ಯದ ಮುಖ್ಯ ಕಾರಣ ಎಂಬುದು ಈ ಲೇಖನದ ವಾದ.

ಪಟ್ಟಿ ಅಳೆಯುವುದು ಏನನ್ನು?

ನೀಲ್ಸನ್‌ನ ಸ್ಟ್ರೀಮಿಂಗ್ ಪಟ್ಟಿ ಒಂದು ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಎಂದು ಹೇಳುವುದಿಲ್ಲ. ಅಮೆರಿಕದ ಮನೆಗಳ ಟಿವಿ ಪರದೆಯ ಮೇಲೆ ಅದನ್ನು ಒಟ್ಟು ಎಷ್ಟು ನಿಮಿಷ ನೋಡಲಾಯಿತು ಎಂದು ಹೇಳುತ್ತದೆ. ವ್ಯತ್ಯಾಸ ಸಣ್ಣದೆನಿಸಿದರೂ ಫಲಿತಾಂಶವನ್ನೇ ಬದಲಿಸಬಲ್ಲದು.

‘ಗನ್‌ಸ್ಮೋಕ್’ನಲ್ಲಿ 635 ಕಂತುಗಳಿವೆ. ಮೊದಲ ಆರು ಸೀಸನ್‌ಗಳ 233 ಕಂತುಗಳು ಅರ್ಧ ಗಂಟೆಯ ಅವಧಿಗೆ ತಯಾರಾದವು. 1961ರಿಂದ ಮುಂದಿನ 402 ಕಂತುಗಳು ಒಂದು ಗಂಟೆಯ ಅವಧಿಗೆ ತಯಾರಾದವು. ಜಾಹೀರಾತು ಬಿಟ್ಟು ಅರ್ಧ ಗಂಟೆಯ ಕಂತಿಗೆ ಸುಮಾರು 25 ನಿಮಿಷ, ಒಂದು ಗಂಟೆಯ ಕಂತಿಗೆ ಸುಮಾರು 50 ನಿಮಿಷ ಎಂದು ಹಿಡಿದರೆ ಇಡೀ ಸರಣಿ ಹತ್ತಿರಹತ್ತಿರ 26,000 ನಿಮಿಷಗಳಾಗುತ್ತದೆ. ಇಂದು ಓಟಿಟಿಗಾಗಿಯೇ ತಯಾರಾಗುವ ಧಾರಾವಾಹಿಯ ಒಂದು ಸೀಸನ್‌ನಲ್ಲಿ ಸಾಮಾನ್ಯವಾಗಿ ಎಂಟು ಕಂತುಗಳಿರುತ್ತವೆ, ತಲಾ ಒಂದು ಗಂಟೆಯೆಂದರೂ 480 ನಿಮಿಷ. ಅಂದರೆ ‘ಗನ್‌ಸ್ಮೋಕ್’ ಅನ್ನು ಮೊದಲಿಂದ ಕೊನೆಯವರೆಗೆ ನೋಡಿದ ಒಬ್ಬ ವ್ಯಕ್ತಿ, ಹೊಸ ಧಾರಾವಾಹಿಯ ಐವತ್ತಕ್ಕೂ ಹೆಚ್ಚು ವೀಕ್ಷಕರಷ್ಟು ನಿಮಿಷಗಳನ್ನು ಪಟ್ಟಿಗೆ ಸೇರಿಸುತ್ತಾನೆ.

ಇದಕ್ಕೆ ಹಿಂದಿನ ನಿದರ್ಶನಗಳೂ ಇವೆ. ಪ್ರಸಾರ ಮುಗಿದು ಕೆಲವು ವರ್ಷ ಕಳೆದಿದ್ದ ‘ಸೂಟ್ಸ್’ ಎಂಬ ವಕೀಲರ ಧಾರಾವಾಹಿ 2023ರಲ್ಲಿ 5,700 ಕೋಟಿಗೂ ಹೆಚ್ಚು ನಿಮಿಷಗಳ ವೀಕ್ಷಣೆ ಪಡೆದು ದಾಖಲೆ ಬರೆಯಿತು. 1970ರ ದಶಕದ ‘ಲಿಟ್ಲ್ ಹೌಸ್ ಆನ್ ದ ಪ್ರೇರಿ’ 2024ರಲ್ಲಿ ಸುಮಾರು 1,300 ಕೋಟಿ ನಿಮಿಷ ದಾಟಿತು, ಮರುವರ್ಷದ ಜನವರಿಯಲ್ಲಿ ಅದನ್ನು ಹೊಸದಾಗಿ ತಯಾರಿಸುವುದಾಗಿ ನೆಟ್‌ಫ್ಲಿಕ್ಸ್ ಘೋಷಿಸಿತು. ಈ ಎಲ್ಲ ಸರಣಿಗಳಲ್ಲೂ ಕಂತುಗಳ ಸಂಖ್ಯೆ ದೊಡ್ಡದು.

ಆದ್ದರಿಂದ ‘ಅಂಕಿಗಳ ಭ್ರಮೆ’ ಎನ್ನುವವರ ವಾದದಲ್ಲಿ ಅರ್ಧ ಸತ್ಯವಿದೆ. ಇನ್ನರ್ಧ ಪ್ರಶ್ನೆಗೆ ಆ ವಾದದಲ್ಲಿ ಉತ್ತರವಿಲ್ಲ. ನೂರಾರು ಕಂತುಗಳ ಹಳೆಯ ಧಾರಾವಾಹಿಗಳು ಅಮೆರಿಕದ ಸ್ಟುಡಿಯೋಗಳ ಉಗ್ರಾಣದಲ್ಲಿ ಬೇಕಾದಷ್ಟಿವೆ. 1958-59ರ ಸೀಸನ್‌ನಲ್ಲಿ ಅಲ್ಲಿನ ಅತಿ ಹೆಚ್ಚು ವೀಕ್ಷಣೆಯ ಹತ್ತು ಕಾರ್ಯಕ್ರಮಗಳಲ್ಲಿ ಏಳು ವೆಸ್ಟರ್ನ್‌ಗಳೇ ಆಗಿದ್ದವು. ಅವುಗಳಲ್ಲಿ ಬಹುಪಾಲು ಇಂದು ಹೆಸರಿಗಷ್ಟೇ ಉಳಿದಿವೆ. ಕಂತುಗಳ ರಾಶಿಯೊಂದೇ ಸಾಕಾಗಿದ್ದರೆ ಅವೂ ಪಟ್ಟಿಯಲ್ಲಿರಬೇಕಿತ್ತು.

ಹಿರಿಯರ ನೆನಪೇ ಕಾರಣವೇ?

ಎರಡನೆಯ ವಿವರಣೆ ವಯಸ್ಸಿನದು. 2025ರ ಮೇ ತಿಂಗಳಲ್ಲಿ ಅಮೆರಿಕದ ಒಟ್ಟು ಟಿವಿ ವೀಕ್ಷಣೆಯಲ್ಲಿ ಸ್ಟ್ರೀಮಿಂಗ್‌ನ ಪಾಲು ಶೇ 44.8ಕ್ಕೆ ಏರಿ, ಸಾಂಪ್ರದಾಯಿಕ ಪ್ರಸಾರ ಮತ್ತು ಕೇಬಲ್ ಎರಡನ್ನೂ ಕೂಡಿಸಿದ ಪಾಲನ್ನು ಮೊದಲ ಬಾರಿಗೆ ಮೀರಿತು. ಯುವಜನರು ಎಂದೋ ಆ ಕಡೆಗೆ ಹೋಗಿದ್ದರು. ಈಗ ಹಿರಿಯರೂ ಹೊರಟಿದ್ದಾರೆ. ಜಾಹೀರಾತುಗಳೊಂದಿಗೆ ಉಚಿತವಾಗಿ ಸಿಗುವ ಪ್ಲೂಟೊ ಟಿವಿಯಂಥ ಸೇವೆಗಳು ಈ ದಾಟುವಿಕೆಯನ್ನು ಸುಲಭಗೊಳಿಸಿವೆ. ಇದುವರೆಗೆ ಮೀಟಿವಿಯಂಥ ಹಳೆಯ ಕಾರ್ಯಕ್ರಮಗಳ ವಾಹಿನಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ‘ಗನ್‌ಸ್ಮೋಕ್’ ನೋಡುತ್ತಿದ್ದವರು ಅದನ್ನೇ ಈಗ ಬೇರೊಂದು ದಾರಿಯಲ್ಲಿ ನೋಡುತ್ತಿದ್ದಾರೆ. ಹೀಗಾಗಿ ಅಭಿಮಾನ ಈಗ ಹೊಸದಾಗಿ ಹುಟ್ಟಿದ್ದಲ್ಲ, ಇದ್ದ ಅಭಿಮಾನ ಈಗ ಲೆಕ್ಕಕ್ಕೆ ಸಿಕ್ಕಿದೆ.

ಇದು ಒಪ್ಪಬಹುದಾದ ಮಾತು. ಆದರೆ ಬಾಲ್ಯದ ನೆನಪಿಗೆ ಎಲ್ಲವನ್ನೂ ಕಟ್ಟುವುದು ಕಷ್ಟ. ಸರಣಿ ಆರಂಭವಾದಾಗ ಹತ್ತು ವರ್ಷದವರಾಗಿದ್ದವರಿಗೆ 2025ರಲ್ಲಿ ಎಂಬತ್ತು. ಇಂದಿನ ವೀಕ್ಷಕರಲ್ಲಿ ಮರುಪ್ರಸಾರದಲ್ಲಿ ಮಾತ್ರ ಇದನ್ನು ಕಂಡವರು, ಅಜ್ಜ-ಅಜ್ಜಿಯ ಪಕ್ಕದಲ್ಲಿ ಕೂತು ಕಲಿತವರು ಬಹಳ. ಅಂಥವರಿಗೆ 635 ಕಂತುಗಳಲ್ಲಿ ಯಾವುದೋ ಒಂದು ಏಕೆ ಅಂಟಿಕೊಳ್ಳುತ್ತದೆ ಎಂಬುದಕ್ಕೆ ಕಾರಣವನ್ನು ಕಂತಿನೊಳಗೇ ಹುಡುಕಬೇಕು.

ಒಂದು ಕಂತಿಗೆ ಒಂದು ಕಥೆ

‘ಗನ್‌ಸ್ಮೋಕ್’ ಹುಟ್ಟಿದ್ದು ರೇಡಿಯೊದಲ್ಲಿ. ನಾರ್ಮನ್ ಮ್ಯಾಕ್‌ಡೊನೆಲ್ ಮತ್ತು ಬರಹಗಾರ ಜಾನ್ ಮೆಸ್ಟನ್ 1952ರಲ್ಲಿ ಅದನ್ನು ರೂಪಿಸಿದಾಗ, ಮಕ್ಕಳಿಗೆಂದು ಮಾಡುವ ಕೌಬಾಯ್ ಸಾಹಸಗಳಿಗಿಂತ ಬೇರೆಯಾದ, ವಯಸ್ಕರಿಗಾಗಿ ಬರೆದ ವೆಸ್ಟರ್ನ್ ಅವರ ಮನಸ್ಸಿನಲ್ಲಿತ್ತು. ಕ್ಯಾನ್ಸಸ್‌ನ ಡಾಜ್ ಸಿಟಿಯೆಂಬ ದನದ ವ್ಯಾಪಾರದ ಊರು, ಅಲ್ಲೊಬ್ಬ ಮಾರ್ಷಲ್, ಒಬ್ಬ ವೈದ್ಯ, ಸಲೂನ್ ಎಂಬ ಮದ್ಯದಂಗಡಿ ನಡೆಸುವ ಕಿಟ್ಟಿ, ಮಾರ್ಷಲ್‌ಗೆ ಒಬ್ಬ ಸಹಾಯಕ. ಈ ನಾಲ್ವರು ಬಹುಮಟ್ಟಿಗೆ ಬದಲಾಗದೆ ಉಳಿಯುತ್ತಾರೆ. ಪ್ರತಿ ವಾರ ಊರಿಗೆ ಯಾರೋ ಹೊಸಬರು ತಮ್ಮ ಸಂಕಟ ಹೊತ್ತು ಬರುತ್ತಾರೆ, ಆ ಸಂಕಟ ಅದೇ ಕಂತಿನಲ್ಲಿ ಒಂದು ಕೊನೆ ಮುಟ್ಟುತ್ತದೆ.

ಈ ರಚನೆಗೆ ವ್ಯಾವಹಾರಿಕ ಕಾರಣವಿತ್ತು. ಅಂದು ಒಂದು ಕಂತು ತಪ್ಪಿದರೆ ಮತ್ತೆ ನೋಡುವ ದಾರಿ ಸುಲಭವಿರಲಿಲ್ಲ. ಹಿಂದಿನ ವಾರ ನೋಡದವರಿಗೂ ಈ ವಾರದ ಕಥೆ ಅರ್ಥವಾಗಬೇಕಿತ್ತು. ಮರುಪ್ರಸಾರಕ್ಕೆ ಕೊಳ್ಳುವ ಸ್ಥಳೀಯ ಕೇಂದ್ರಗಳು ಕಂತುಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಹಾಕುವಂತಿರಬೇಕಿತ್ತು. ಅರ್ಧ ಗಂಟೆಯ ಕಂತುಗಳಂತೂ ‘ಮಾರ್ಷಲ್ ಡಿಲನ್’ ಎಂಬ ಬೇರೆ ಹೆಸರಿನಲ್ಲೇ ಮರುಪ್ರಸಾರವಾದವು. ಆರಂಭದ ವರ್ಷಗಳಲ್ಲಿ ಒಂದು ಸೀಸನ್‌ಗೆ 39 ಕಂತುಗಳು ತಯಾರಾಗುತ್ತಿದ್ದವು. ಅಷ್ಟು ಕಥೆಗಳನ್ನು ಹೊಸೆಯಬೇಕಾದಾಗ ಹಲವು ಸಾಧಾರಣವಾಗುವುದು ಖಂಡಿತ, ಆದರೆ ಅದೇ ಒತ್ತಡ ಬರಹಗಾರರಿಗೆ ಪ್ರಯೋಗದ ಸ್ವಾತಂತ್ರ್ಯವನ್ನೂ ಕೊಟ್ಟಿತು. ಒಂದು ಕಂತು ದುರಂತವಾಗಬಹುದು, ಮುಂದಿನದು ಹಾಸ್ಯವಾಗಬಹುದು, ಅದರ ಮುಂದಿನದರಲ್ಲಿ ನಾಯಕನೇ ಹಿನ್ನೆಲೆಗೆ ಸರಿಯಬಹುದು.

ಕೊನೆಯ ದಶಕದಲ್ಲಿ ಇದೇ ಹೆಚ್ಚಾಗಿ ಆಯಿತು. ಆರ್ನೆಸ್ ಚಿತ್ರೀಕರಣದಲ್ಲಿ ತೊಡಗುವ ದಿನಗಳು ಕಡಿಮೆಯಾದಂತೆ ಕಥೆಯ ಭಾರ ಅತಿಥಿ ನಟರ ಮೇಲೆ ಬಿತ್ತು. ಬೆಟ್ಟಿ ಡೇವಿಸ್ 1966ರ ‘ದ ಜೈಲರ್’ ಕಂತಿನಲ್ಲಿ, ಗಂಡನನ್ನು ಗಲ್ಲಿಗೇರಿಸಿದ ಮಾರ್ಷಲ್ ಮೇಲೆ ಸೇಡು ತೀರಿಸಿಕೊಳ್ಳಲು ಹೊರಟ ವಿಧವೆಯಾಗಿ ಬಂದರು. ಇಂದಿಗೂ ಅಭಿಮಾನಿಗಳು ಮೊದಲು ಹೆಸರಿಸುವ ಕಂತುಗಳಲ್ಲಿ ಅದೊಂದು. ಧಾರಾವಾಹಿ ಹೆಸರಿನಲ್ಲಿ ಒಂದಾಗಿದ್ದರೂ ಒಳಗೆ ಅದೊಂದು ಕಥಾಸಂಕಲನವಾಗಿತ್ತು, ಕಥಾಸಂಕಲನ ಓದಿದವರಿಗೆ ನೆಚ್ಚಿನ ಕಥೆಯೊಂದು ಇದ್ದೇ ಇರುತ್ತದೆ.

‘ದ ಗ್ಯಾಲೋಸ್’ ಏಕೆ ಉಳಿಯಿತು

ಮೆಚ್ಚಿನ ಕಂತುಗಳ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಇನ್ನೊಂದು ಹೆಸರು 1962ರ ಮಾರ್ಚ್‌ನಲ್ಲಿ ಪ್ರಸಾರವಾದ ‘ದ ಗ್ಯಾಲೋಸ್’, ಅಂದರೆ ಗಲ್ಲುಗಂಬ. ಬರೆದವರು ಮೆಸ್ಟನ್. ಜೆರೆಮಿ ಸ್ಲೇಟ್ ನಟಿಸಿದ ಪ್ರೂಯಿಟ್ ಡೋವರ್ ಕೆಟ್ಟವನಲ್ಲ, ಊರೂರು ಅಲೆದು ದುಡಿದು ತಿನ್ನುವ ಬಡಪಾಯಿ. ಕೂಲಿಯ ವಿಷಯದಲ್ಲಿ ಕುಡಿದ ಧಣಿಯೊಂದಿಗೆ ನಡೆದ ಜಗಳದಲ್ಲಿ ಧಣಿ ಸಾಯುತ್ತಾನೆ, ಕೊಲೆಯ ಆರೋಪ ಡೋವರ್ ಮೇಲೆ ಬರುತ್ತದೆ. ಅವನನ್ನು ಹಿಡಿದು ತರುವ ಹಾದಿಯಲ್ಲಿ ಮ್ಯಾಟ್ ಡಿಲನ್‌ನ ಪ್ರಾಣಕ್ಕೆ ಕುತ್ತು ಬಂದಾಗ ಓಡಿಹೋಗಬಹುದಾಗಿದ್ದ ಡೋವರ್ ನಿಂತು ಅವನನ್ನು ಉಳಿಸುತ್ತಾನೆ. ಆದರೂ ನ್ಯಾಯಾಧೀಶ ಗಲ್ಲು ವಿಧಿಸುತ್ತಾನೆ. ತನ್ನ ಜೀವ ಉಳಿಸಿದವನನ್ನು ಗಲ್ಲಿಗೆ ಕರೆದೊಯ್ಯುವ ಕೆಲಸ ಮಾರ್ಷಲ್‌ದೇ ಆಗುತ್ತದೆ.

ಈ ಕಂತಿನ ಬಲ ಆ ಪಯಣದಲ್ಲಿದೆ. ಕಾನೂನಿನ ಪ್ರತಿನಿಧಿಯಾದ ಡಿಲನ್ ತಾನೇ ಅವನಿಗೆ ತಪ್ಪಿಸಿಕೊಳ್ಳುವ ಅವಕಾಶ ಮಾಡಿಕೊಡಲು ಮುಂದಾಗುತ್ತಾನೆ, ಡೋವರ್ ಅದನ್ನು ಬಳಸಿಕೊಳ್ಳುವುದಿಲ್ಲ. ವೆಸ್ಟರ್ನ್ ನೋಡಿ ಅಭ್ಯಾಸವಾದವರು ಕೊನೆಯ ಕ್ಷಣದಲ್ಲಿ ಕ್ಷಮಾದಾನ ಬರುತ್ತದೆ, ಅಥವಾ ನಿಜವಾದ ಅಪರಾಧಿ ಸಿಗುತ್ತಾನೆ ಎಂದು ಕಾಯುತ್ತಾರೆ. ಮೆಸ್ಟನ್ ಎರಡನ್ನೂ ಕೊಡುವುದಿಲ್ಲ. ಮಾರ್ಷಲ್ ತನ್ನ ಕರ್ತವ್ಯ ಮಾಡುತ್ತಾನೆ, ಆ ಕರ್ತವ್ಯ ತಪ್ಪೆಂದು ಅವನಿಗೂ ನಮಗೂ ಗೊತ್ತಿದೆ. ಬಂದೂಕಿನಿಂದ ಬಗೆಹರಿಸಲಾಗದ ಪ್ರಶ್ನೆಯನ್ನು ಬಂದೂಕಿನ ಹೆಸರಿನ ಸರಣಿಯೇ ಎತ್ತಿದ ಸಂದರ್ಭ ಇದು, ಹೀಗಾಗಿಯೇ ಮರೆಯಲಾಗದ್ದು.

ಇಲ್ಲೊಂದು ಸೂಕ್ಷ್ಮವಿದೆ. ಇದೇ ಕಥೆಯನ್ನು ಒಂದೂವರೆ ಗಂಟೆಯ ಸಿನಿಮಾ ಮಾಡಿದ್ದರೆ ಇಷ್ಟು ನಾಟುತ್ತಿತ್ತೆ ಎಂಬುದು ಅನುಮಾನ. ಅದಕ್ಕೆ ಮೊದಲಿನ ಆರೇಳು ವರ್ಷ, ಪ್ರತಿ ವಾರ, ಡಿಲನ್ ಕಾನೂನಿನ ಪರ ನಿಂತು ಗೆದ್ದದ್ದನ್ನು ವೀಕ್ಷಕರು ಕಂಡಿದ್ದರು. ಆ ನೂರಾರು ಸಾಧಾರಣ ವಾರಗಳು ಕಟ್ಟಿದ ನಂಬಿಕೆಯ ಮೇಲೆ ಈ ಒಂದು ಕಂತು ಪೆಟ್ಟು ಕೊಡುತ್ತದೆ. ನೆಚ್ಚಿನ ಕಂತು ಬಿಡಿಯಾಗಿ ಪೂರ್ಣವಾಗಿದ್ದರೂ ಅದರ ಪರಿಣಾಮಕ್ಕೆ ಉಳಿದ ಕಂತುಗಳೂ ಕಾರಣವಾಗಿರುತ್ತವೆ. ತಾಳಮದ್ದಳೆಯ ಪ್ರೇಕ್ಷಕರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪ್ರಸಂಗದ ಕೊನೆ ಗೊತ್ತಿದ್ದರೂ, ಯಾವುದೋ ಒಂದು ರಾತ್ರಿ ಅರ್ಥಧಾರಿಯ ಮಾತು ಏರಿದ ಎತ್ತರವನ್ನು ಅವರು ವರ್ಷಗಟ್ಟಲೆ ನೆನೆಯುತ್ತಾರೆ.

ನಿಯಮ ಮುರಿದು ಗೆದ್ದ ಇನ್ನೊಂದು ಕಂತು

ಸಮಕಾಲೀನ ಸರಣಿ ‘ಮ್ಯಾವೆರಿಕ್’ನಲ್ಲೂ ಇದೇ ತತ್ವ ಬೇರೆ ರೂಪದಲ್ಲಿ ಕಾಣುತ್ತದೆ. ಎಬಿಸಿ ವಾಹಿನಿಯ ಈ ಸರಣಿಯ ಒಂದು ಕಂತು ಚಿತ್ರಿಸಲು ಎಂಟು ದಿನ ಬೇಕಾಗುತ್ತಿತ್ತು, ಪ್ರಸಾರವೋ ಏಳು ದಿನಕ್ಕೊಮ್ಮೆ. ಒಬ್ಬ ನಾಯಕನಿಂದ ಸಾಗದು ಎಂದಾದಾಗ ಜೇಮ್ಸ್ ಗಾರ್ನರ್‌ಗೆ ಸಹೋದರನಾಗಿ ಜ್ಯಾಕ್ ಕೆಲಿಯನ್ನು ತಂದು, ಕಂತುಗಳನ್ನು ಇಬ್ಬರಿಗೂ ಹಂಚಲಾಯಿತು.

1958ರ ನವೆಂಬರ್ 23ರಂದು ಪ್ರಸಾರವಾದ ‘ಶೇಡಿ ಡೀಲ್ ಅಟ್ ಸನಿ ಏಕರ್ಸ್’ ಈ ಸರಣಿಯ ಅಭಿಮಾನಿಗಳ ಅಚ್ಚುಮೆಚ್ಚು. ಗಾರ್ನರ್ ಅವರಿಗೂ ಅದು ಪ್ರಿಯವಾಗಿತ್ತು. ಗಾರ್ನರ್ ನಟಿಸಿದ ಬ್ರೆಟ್ ಮ್ಯಾವೆರಿಕ್ ಇಟ್ಟ 15,000 ಡಾಲರ್ ಠೇವಣಿಯನ್ನು ಬ್ಯಾಂಕಿನವನೇ ನುಂಗಿಹಾಕುತ್ತಾನೆ. ಹಣ ವಾಪಸ್ ಪಡೆದೇ ತೀರುತ್ತೇನೆ ಎಂದ ಬ್ರೆಟ್, ಬ್ಯಾಂಕಿನ ಎದುರಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಮರದ ತುಂಡು ಕೆತ್ತುತ್ತ ಕೂತುಬಿಡುತ್ತಾನೆ. ಕೇಳಿದವರಿಗೆಲ್ಲ ಅದೇ ಕೆಲಸದಲ್ಲಿದ್ದೇನೆ ಎನ್ನುತ್ತಾನೆ. ಊರವರು ನಗುತ್ತಾರೆ. ಅತ್ತ ಸಹೋದರ ಬಾರ್ಟ್ (ಕೆಲಿ), ಹಿಂದಿನ ಕಂತುಗಳಲ್ಲಿ ಬಂದುಹೋಗಿದ್ದ ಚಾಲಾಕಿಗಳನ್ನೆಲ್ಲ ಕೂಡಿಸಿ, ಬ್ಯಾಂಕಿನವನ ದುರಾಸೆಯನ್ನೇ ಬಲೆಯಾಗಿ ನೇಯುತ್ತಾನೆ. ನಾಯಕ ಕದಲದೆ ಗೆಲ್ಲುತ್ತಾನೆ. ಸಾಹಸವೇ ಪ್ರಧಾನವಾದ ಪ್ರಕಾರದಲ್ಲಿ ನಾಯಕನನ್ನು ಕುರ್ಚಿಯಲ್ಲಿ ಕೂರಿಸಿದ್ದೇ ಇದರ ಸೊಗಸು. ಪರಿಚಿತ ಮುಖಗಳು ಒಬ್ಬೊಬ್ಬರಾಗಿ ಊರಿಗೆ ಇಳಿದಾಗ, ವಾರವಾರವೂ ಸರಣಿ ನೋಡಿದವರಿಗೆ ಸಿಗುವ ಖುಷಿ ಹೊಸಬರಿಗೆ ಸಿಗುವುದಿಲ್ಲ, ಆದರೆ ಹೊಸಬರಿಗೂ ಕಥೆ ಪೂರ್ತಿ ಅರ್ಥವಾಗುತ್ತದೆ.

‘ಗ್ಯಾಲೋಸ್’ ನೋವಿನಿಂದ, ‘ಶೇಡಿ ಡೀಲ್’ ಜಾಣತನದಿಂದ ಗೆದ್ದಿವೆ. ಎರಡೂ ತಮ್ಮ ಸರಣಿ ರೂಢಿಸಿದ್ದ ನಿಯಮವೊಂದನ್ನು ಒಂದು ದಿನದ ಮಟ್ಟಿಗೆ ಮುರಿದವು, ಮರುವಾರ ಸರಣಿ ಹಳೆಯ ಜಾಡಿಗೆ ಮರಳಿತು.

ಆಕ್ಷೇಪಗಳನ್ನು ಬದಿಗಿಡಲಾಗದು

ಈ ಪ್ರೀತಿಯನ್ನು ಪ್ರಶ್ನಿಸುವವರ ಮಾತಿನಲ್ಲೂ ತೂಕವಿದೆ. ಅಮೆರಿಕದ ಮೂಲನಿವಾಸಿಗಳ ಪಾತ್ರಗಳನ್ನು ಆ ಕಾಲದ ವೆಸ್ಟರ್ನ್‌ಗಳಲ್ಲಿ ಬಹುಪಾಲು ಬಿಳಿಯ ನಟರೇ ಮಾಡಿದರು. ಅವರ ನೆಲ ಹೇಗೆ ಕೈತಪ್ಪಿತು ಎಂಬುದು ಕಥೆಯ ಹೊರಗೇ ಉಳಿಯಿತು. ಬರ್ಟ್ ರೆನಾಲ್ಡ್ಸ್ ಮೂರು ವರ್ಷ ಮಾಡಿದ ಕ್ವಿಂಟ್ ಆಸ್ಪರ್ ಎಂಬ ಮಿಶ್ರ ಮೂಲದ ಕಮ್ಮಾರನ ಪಾತ್ರ ಈ ವಿಷಯವನ್ನು ಮುಟ್ಟಿತಾದರೂ ಅದು ಅಪವಾದ. ಹಾಗೆಯೇ ಡಾಜ್ ಸಿಟಿಯ ನಿಜವಾದ ಇತಿಹಾಸ ತೆರೆಯ ಮೇಲಿನಷ್ಟು ರಕ್ತಸಿಕ್ತವಾಗಿರಲಿಲ್ಲ. ಡಾಜ್ ಸೇರಿದಂತೆ ಕ್ಯಾನ್ಸಸ್‌ನ ಐದು ದನದ ವ್ಯಾಪಾರದ ಊರುಗಳಲ್ಲಿ 1870ರಿಂದ 1885ರವರೆಗೆ ನಡೆದ ಕೊಲೆಗಳನ್ನು ಇತಿಹಾಸಕಾರ ರಾಬರ್ಟ್ ಡೈಕ್‌ಸ್ಟ್ರಾ ಎಣಿಸಿದಾಗ ಸಿಕ್ಕದ್ದು 45. ಊರಿನೊಳಗೆ ಬಂದೂಕು ಹಿಡಿದು ಓಡಾಡುವುದಕ್ಕೇ ಅಲ್ಲಿ ನಿಷೇಧವಿತ್ತು. ನೆಚ್ಚಿನ ಕಂತನ್ನು ಇತಿಹಾಸವೆಂದು ಹಿಡಿಯುವವರಿಗೆ ಈ ಸಂಗತಿಗಳು ಗೊತ್ತಿರಬೇಕು. ಆದರೆ ಅಭಿಮಾನಿಗಳು ಹೆಚ್ಚಾಗಿ ಎತ್ತಿ ಹಿಡಿಯುವ ಕಂತುಗಳು ಗುಂಡಿನ ಕಾಳಗದವಲ್ಲ, ಗುಂಡು ಹಾರಿಸಿದ್ದರ ಬೆಲೆಯನ್ನು ಕೇಳುವಂಥವು ಎಂಬುದನ್ನೂ ಗಮನಿಸಬೇಕು.

ಮುಂದೇನಾಗಬಹುದು?

ಜನಪ್ರಿಯತೆಯ ಅಳತೆಯನ್ನು ತಪ್ಪಾಗಿ ಓದಿದ ಅನುಭವ ‘ಗನ್‌ಸ್ಮೋಕ್’ಗೆ ಹೊಸದಲ್ಲ. ವೀಕ್ಷಣೆ ಕುಸಿಯಿತೆಂದು ಸಿಬಿಎಸ್ 1967ರಲ್ಲಿ ಅದನ್ನು ನಿಲ್ಲಿಸಲು ತೀರ್ಮಾನಿಸಿತ್ತು. ಸಂಸ್ಥೆಯ ಮುಖ್ಯಸ್ಥ ವಿಲಿಯಂ ಪೇಲಿ ಆ ತೀರ್ಮಾನವನ್ನು ಬದಲಿಸಿ ಶನಿವಾರದಿಂದ ಸೋಮವಾರಕ್ಕೆ ಸ್ಥಳಾಂತರಿಸಿದರು, ಆ ಜಾಗಕ್ಕಾಗಿ ‘ಗಿಲಿಗನ್ಸ್ ಐಲ್ಯಾಂಡ್’ ನಿಂತುಹೋಯಿತು. ಸರಣಿ ಮತ್ತೆ ಮೇಲೇರಿ ಎಂಟು ವರ್ಷ ನಡೆಯಿತು. 1975ರಲ್ಲಿ ಮಾತ್ರ ಅದು ಸಮಾರೋಪದ ಕಂತೇ ಇಲ್ಲದೆ ನಿಂತಿತು. ಇಂದಿನ ಧಾರಾವಾಹಿಯೊಂದು ಹಾಗೆ ನಿಂತರೆ ಕಥೆಯೇ ಅರ್ಧಕ್ಕೆ ಮುರಿದು, ಅದನ್ನು ಮತ್ತೆ ನೋಡುವ ಆಸಕ್ತಿ ಉಳಿಯುವುದು ಕಷ್ಟ. ‘ಗನ್‌ಸ್ಮೋಕ್’ಗೆ ಆ ನಷ್ಟವಾಗಲಿಲ್ಲ, ಏಕೆಂದರೆ ಅದರ ಪ್ರತಿ ಕಂತೂ ಆಗಲೇ ಮುಗಿದಿತ್ತು.

ಈಗಿನ ಅಪಾಯವೆಂದರೆ, ನಿಮಿಷಗಳ ಪಟ್ಟಿ ನೋಡಿದ ಕಂಪನಿಗಳು ಉದ್ದವಿದ್ದರೆ ಸಾಕೆಂಬ ಪಾಠ ಕಲಿಯುವುದು. ಕಂತುಗಳ ಸಂಖ್ಯೆ ಹೆಚ್ಚಿಸುವ ಒಲವು ಈಗಾಗಲೇ ಕಾಣುತ್ತಿದೆ. 2025ರಲ್ಲಿ ಬಂದ ‘ದ ಪಿಟ್’ ಎಂಬ ಆಸ್ಪತ್ರೆಯ ಧಾರಾವಾಹಿ ಒಂದು ಸೀಸನ್‌ಗೆ 15 ಕಂತುಗಳನ್ನು ಮಾಡಿ ಮೆಚ್ಚುಗೆ ಗಳಿಸಿತು. ಆದರೆ ಹತ್ತು ಗಂಟೆಯ ಒಂದೇ ಕಥೆಯನ್ನು ಇಪ್ಪತ್ತು ಗಂಟೆಗೆ ಎಳೆದರೆ ಕಂತುಗಳು ಹೆಚ್ಚುತ್ತವೆ, ನೆಚ್ಚಿನ ಕಂತು ಹುಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ಒಂದೊಂದು ಕಂತಿಗೂ ಆದಿ-ಅಂತ್ಯ ಯೋಚಿಸುವ ಬರಹಗಾರರ ತಂಡ ಮತ್ತು ಆ ತಂಡಕ್ಕೆ ವರ್ಷಪೂರ್ತಿ ಕೆಲಸ. 2023ರಲ್ಲಿ ಹಾಲಿವುಡ್ ಬರಹಗಾರರು 148 ದಿನ ಮುಷ್ಕರ ಹೂಡಿದಾಗ ತಂಡದ ಕನಿಷ್ಠ ಗಾತ್ರವೂ ಬೇಡಿಕೆಯಾಗಿತ್ತು ಎಂಬುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಹಳೆಯ ಕಂತುಗಳ ಪಾಲಿಗೆ ಆಗಿರುವ ಒಂದು ಒಳ್ಳೆಯದೆಂದರೆ ಅವಧಿಯ ಒತ್ತಡ ತಗ್ಗಿರುವುದು. ಅಂದಿನ ಒಂದು ಗಂಟೆಯ ಕಂತಿಗಿಂತ ಇಂದಿನ ಪ್ರಸಾರದ ಒಂದು ಗಂಟೆಯಲ್ಲಿ ಕಥೆಗೆ ಸಿಗುವ ಸಮಯ ಕಡಿಮೆ. ಹೆಚ್ಚಿನ ಜಾಹೀರಾತಿಗೆ ಜಾಗ ಮಾಡಲು ಮರುಪ್ರಸಾರಗಳಲ್ಲಿ ಕತ್ತರಿ ಆಡಿದಾಗ ಮೊದಲು ಹೋಗುವುದು ಮಾತಿಲ್ಲದ ದೃಶ್ಯಗಳು, ವೈದ್ಯ ಮತ್ತು ಕಿಟ್ಟಿ ಸುಮ್ಮನೆ ಕೂತಿರುವ ಗಳಿಗೆಗಳು. ಸ್ಟ್ರೀಮಿಂಗ್‌ಗೆ ಗಡಿಯಾರದ ಆ ಕಟ್ಟಿಲ್ಲದ ಕಾರಣ ಪೂರ್ತಿ ಪ್ರತಿಗಳನ್ನು ತೋರಿಸಲು ಅಡ್ಡಿಯಿಲ್ಲ.

ಹಣದ ವಿಷಯದಲ್ಲಿ ಮಾತ್ರ ಹಾಗಾಗಿಲ್ಲ. ಟಿವಿ ನಟರಿಗೆ ಮರುಪ್ರಸಾರದ ಗೌರವಧನ ಮೊದಲು ಕೆಲವೇ ಬಾರಿಯ ಪ್ರಸಾರಗಳಿಗೆ ಸೀಮಿತವಾಗಿತ್ತು. ಅದು ಶಾಶ್ವತವಾಗಿ ಸಿಗುವಂತಾದದ್ದು ನಟರ ಸಂಘ 1974ರಲ್ಲಿ ಮಾಡಿಕೊಂಡ ಒಪ್ಪಂದದಿಂದ. ‘ಗನ್‌ಸ್ಮೋಕ್’ನ ಬಹುಪಾಲು ಕಂತುಗಳು ಅದಕ್ಕೆ ಮೊದಲೇ ತಯಾರಾಗಿದ್ದವು. ಅಭಿಮಾನಿಗಳು ಇಂದು ಹುಡುಕಿ ನೋಡುವ ‘ದ ಗ್ಯಾಲೋಸ್’ ಕೂಡ ಆ ಒಪ್ಪಂದಕ್ಕಿಂತ ಹನ್ನೆರಡು ವರ್ಷ ಹಿಂದಿನದು.